ಕುರುಡುಮಲೆ ದಾರಿಯಲ್ಲಿ ಒಂದು ಗೂಂ ಶಬ್ದ

ಕುರುಡುಮಲೆ ಗಣಪನ ಹತ್ತಿರ ಬರಿಗೈಯಲ್ಲಿ ಹೋಗುವವರು ಕಡಿಮೆ. ಮದುವೆಯ ಲಗ್ನಪತ್ರಿಕೆ, ಹೊಸ ಅಂಗಡಿಯ ಬೀಗದ ಕೈ, ಸೈಟಿನ ಪತ್ರ, ಹೊಸ ಗಾಡಿ, ಹೀಗೆ ಏನನ್ನೇ ಶುರು ಮಾಡುವ ಮುಂಚೆ ಒಂದು ಸಲ ಅಲ್ಲಿ ಇಟ್ಟು ಪೂಜೆ ಮಾಡಿಸಿಕೊಂಡು ಬರಬೇಕು ಅನ್ನೋದು ನಮ್ಮ ಕೋಲಾರ ಸೀಮೆಯ ರೂಢಿ. ಬೆಂಗಳೂರಿನಿಂದ ಹೊಸಕೋಟೆ, ನರಸಾಪುರ, ಕೋಲಾರ ದಾಟಿ ಮುಳಬಾಗಿಲಿಗೆ ಬಂದರೆ ಹೆಚ್ಚುಕಮ್ಮಿ 100 ಕಿಲೋಮೀಟರ್. ಅಲ್ಲಿ ಹೆದ್ದಾರಿ ಬಿಟ್ಟು ಒಳಗೆ ಸುಮಾರು 10 ಕಿಲೋಮೀಟರ್ ಹೋದರೆ ಬಂಡೆಗುಡ್ಡಗಳ ಬುಡದಲ್ಲಿ ಒಂದು ಸಣ್ಣ ಊರು, ಎರಡು ದೊಡ್ಡ ದೇವಸ್ಥಾನ. ದೇವತೆಗಳೆಲ್ಲ ಕೂಡುತ್ತಿದ್ದ ಬೆಟ್ಟ, ಅದಕ್ಕೇ ಮೊದಲು ಕೂಡುಮಲೆ ಅಂತಿದ್ದದ್ದು ಬಾಯಿಂದ ಬಾಯಿಗೆ ಸವೆದು ಕುರುಡುಮಲೆ ಆಯಿತು ಅಂತ ಊರಿನವರು ಹೇಳುತ್ತಾರೆ.

ಗಣಪ ಏಕಶಿಲೆಯವನು, 13 ಅಡಿಗೂ ಮಿಕ್ಕಿದ ಎತ್ತರ. ಗರ್ಭಗುಡಿಯ ಬಾಗಿಲಿಗೆ ಬರುವವರೆಗೂ ಅಷ್ಟು ದೊಡ್ಡವನು ಅಂತ ಗೊತ್ತಾಗಲ್ಲ, ಬಂದ ಮೇಲೆ ಕತ್ತೆತ್ತಿ ನೋಡಬೇಕು. ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಡುವ ಮುಂಚೆ ತ್ರಿಮೂರ್ತಿಗಳೇ ಈ ಗಣಪನನ್ನು ಪ್ರತಿಷ್ಠೆ ಮಾಡಿದರು, ಲಂಕೆಗೆ ಹೊರಟ ರಾಮನೂ ಇಲ್ಲಿ ಪೂಜೆ ಮಾಡಿ ಹೋದ ಅಂತ ಸ್ಥಳಪುರಾಣ. ಸುತ್ತಲಿನ ಗುಡಿ ವಿಜಯನಗರದ ಅರಸರ ಕಾಲದ್ದು. ಹೊರಡುವ ಮುಂಚೆ ಬರಬೇಕಾದ ಜಾಗ ಅನ್ನೋ ನಂಬಿಕೆ ಹೀಗೆ ಪುರಾಣದಿಂದಲೇ ಬಂದಿದೆ.

ನಾವು ಹೋಗಿದ್ದು ಜನವರಿಯ ಒಂದು ಶನಿವಾರ, ಸೆಕೆಂಡ್ ಹ್ಯಾಂಡ್ ಕಾರಿನ ಪೂಜೆಗೆ. 2016ರ ಮಾಡೆಲ್, ಪೆಟ್ರೋಲ್, 71,000 ಕಿಲೋಮೀಟರ್ ಓಡಿದ್ದು. ಯಾವ ಕಂಪನಿಯದು ಅನ್ನೋದು ಬೇಡ, ಈ ಥರದ ತೊಂದರೆ ಯಾವ ಕಂಪನಿಯ ಕಾರಿಗೂ ಬರುತ್ತೆ. ಕಾರು ಬೆಂಗಳೂರಿನಲ್ಲಿ ನನ್ನ ಓಡಾಟಕ್ಕಲ್ಲ, ಕೋಲಾರದ ಮನೆಗೆ. ಹೋದ ವರ್ಷ ಒಂದು ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆ ಹಿಡಿದಾಗ ಟೊಮೆಟೊ ಲೋಡಿಗೆ ಹೊರಟಿದ್ದ ಪಕ್ಕದ ಮನೆಯವರ ಗೂಡ್ಸ್ ಗಾಡಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಸ್ಟೆಂಟ್ ಹಾಕಿದ್ದಾರೆ, ಈಗ ಆರಾಮಾಗಿದ್ದಾರೆ. ಆದರೆ ಇನ್ನೊಂದು ಸಲ ಹಾಗೆ ಆದರೆ ತಮ್ಮ ಓಡಿಸಿಕೊಂಡು ಹೋಗೋದು ಇದೇ ಕಾರನ್ನ. ಹಾಗಾಗಿ ಇದರಲ್ಲಿ ಒಂದು ಸದ್ದು ಬರ್ತಿದೆ ಅಂದಾಗ, 'ಹಳೇ ಗಾಡಿ ಅಲ್ವಾ, ಬರುತ್ತೆ ಬಿಡಿ' ಅನ್ನೋ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಸದ್ದು ಬರುತ್ತಿದ್ದದ್ದು 45 ದಾಟಿದ ಮೇಲೆ. ಸಿಟಿಯೊಳಗಿನ ಟೆಸ್ಟ್ ಡ್ರೈವಿನಲ್ಲಿ ಅಷ್ಟು ವೇಗ ಎಲ್ಲಿ ಸಿಗಬೇಕು? ಮನೆಗೆ ತಂದ ಮಾರನೇ ದಿನ ಹೊಸಕೋಟೆ ಕಡೆಗೆ ಹೊರಟಾಗ ಮೊದಲು ಕೇಳಿಸಿತು. ದೂರದಲ್ಲಿ ವಿಮಾನ ಹೋಗ್ತಿದೆಯೇನೋ ಅನ್ನೋ ಥರ 'ಗೂಂ' ಅಂತ ಶುರುವಾಗಿ, 80ಕ್ಕೆ ಬರುವಾಗ ಪಕ್ಕದಲ್ಲಿ ಕೂತವರ ಜೊತೆ ಗಂಟಲೆತ್ತಿ ಮಾತಾಡಬೇಕು. ಮಾರಿದವರಿಗೆ ಫೋನ್ ಮಾಡಿದೆ. ವಾಪಸ್ ಕೊಡಬೇಕಾದರೆ ಐದು ದಿನದ ಒಳಗೆ, ಅಂದರೆ ಸೋಮವಾರ ಸಂಜೆಯೊಳಗೆ ಕೊಡಬೇಕು, ಸವೆತಕ್ಕೆ ವಾರಂಟಿ ಇಲ್ಲ ಅಂದರು. ಮನೆ ಹತ್ತಿರದ ವರ್ಕ್‌ಶಾಪಿನಲ್ಲಿ ಒಂದು ಸುತ್ತು ಓಡಿಸಿ 'ಗೇರ್ ಬಾಕ್ಸ್ ಬೇರಿಂಗ್ ಹೋಗಿದೆ, ಇಳಿಸಬೇಕು, 48,000 ಆಗುತ್ತೆ' ಅಂದರು. ಇನ್ನೊಂದು ಕಡೆ ಟೈರ್ ಸದ್ದು, ನಾಲ್ಕೂ ಹಾಕಿಸಿಬಿಡಿ ಅಂದರು. ಒಂದೇ ಸದ್ದಿಗೆ ಎರಡು ರೋಗ, ಎರಡರಲ್ಲೂ ದೊಡ್ಡ ಬಿಲ್ಲು. ಇಬ್ಬರೂ ಗಾಡಿಯನ್ನ ಮೇಲೆತ್ತಿ ನೋಡಲಿಲ್ಲ ಅನ್ನೋದು ನನ್ನ ತಕರಾರು.

ನನ್ನ ಕೆಲಸ ಸಾಫ್ಟ್‌ವೇರಿನದು. ಪ್ರೋಗ್ರಾಂ ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಊಹಿಸುತ್ತಾ ಕೂರಲ್ಲ, ಒಂದೊಂದೇ ಭಾಗವನ್ನ ಕಳಚಿಟ್ಟು, ಆಗಲೂ ತೊಂದರೆ ಇದೆಯಾ ಅಂತ ನೋಡ್ತೀವಿ. ಶನಿವಾರ ಬೆಳಿಗ್ಗೆ ಕೋಲಾರದಲ್ಲಿ ಅಪ್ಪ ಅಮ್ಮನನ್ನ ಹತ್ತಿಸಿಕೊಂಡು ಇದನ್ನ ಹೇಳಿದರೆ ಅಪ್ಪ, "ಅದೇನು ದೊಡ್ಡ ವಿದ್ಯೆ, ಬೆಲ್ಟ್ ತೆಗೆದು ನೋಡು" ಅಂದರು. ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಹಿಟ್ಟಿನ ಗಿರಣಿ ನಡೆಸಿದವರು ಅವರು. ಗಿರಣಿಯಲ್ಲಿ ಸದ್ದು ಬಂದರೆ ಮೋಟರಿನದೋ ಕಲ್ಲಿನ ಕಡೆಯದೋ ತಿಳಿಯೋಕೆ ಬೆಲ್ಟ್ ಕಳಚಿ ಮೋಟರ್ ಒಂದನ್ನೇ ಓಡಿಸೋದು. ಸದ್ದು ನಿಂತರೆ ತೊಂದರೆ ಕಲ್ಲಿನ ಕಡೆ. ಕಾರಿನಲ್ಲಿ ಬೆಲ್ಟ್ ಜಾಗದಲ್ಲಿ ಕ್ಲಚ್ ಇದೆ, ಲೆಕ್ಕ ಅದೇ.

ಕೋಲಾರ ದಾಟಿದ ಮೇಲೆ ಮುಳಬಾಗಿಲಿನವರೆಗೆ ಸುಮಾರು 30 ಕಿಲೋಮೀಟರ್ ರಸ್ತೆ ಅಗಲ, ಬೆಳಗಿನ ಹೊತ್ತು ಖಾಲಿ. ಮೊದಲು 70ರಲ್ಲಿ ಐದನೇ ಗೇರ್, ಆಮೇಲೆ ಅದೇ 70ರಲ್ಲಿ ನಾಲ್ಕನೇ ಗೇರ್. ಎಂಜಿನ್ ಸುತ್ತು ಜಾಸ್ತಿಯಾಯಿತು, ಎಂಜಿನ್ ಸದ್ದೂ ಏರಿತು, ಆದರೆ ಆ ಗೂಂ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ಅಂದರೆ ಅದು ಎಂಜಿನ್ನಿನ ವೇಗ ಕೇಳ್ತಿಲ್ಲ, ಚಕ್ರದ ವೇಗ ಕೇಳ್ತಿದೆ. ಆಮೇಲೆ ಹಿಂದೆ ಮುಂದೆ ಯಾರೂ ಇಲ್ಲದ ನೇರ ಜಾಗದಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದೆ. ಎಂಜಿನ್ ಐಡಲ್‌ಗೆ ಇಳಿಯಿತು, ಗೂಂ ಹಾಗೇ ಇತ್ತು. (ಇದನ್ನ ಮಾಡುವವರು ಎಂಜಿನ್ ಆಫ್ ಮಾಡಬೇಡಿ. ಆಫ್ ಮಾಡಿದರೆ ಬ್ರೇಕಿಗೂ ಸ್ಟೇರಿಂಗಿಗೂ ಸಿಗುವ ಸಹಾಯ ಹೋಗುತ್ತೆ, ಇಳಿಜಾರಿನಲ್ಲಂತೂ ಇಂಥ ಪ್ರಯೋಗವೇ ಬೇಡ.)

"ಬೆಲ್ಟ್ ತೆಗೆದರೂ ಕೂಗ್ತಾ ಐತೆ" ಅಂದರು ಅಪ್ಪ.

ಎಂಜಿನ್ ಮತ್ತು ಕ್ಲಚ್ ಪಟ್ಟಿಯಿಂದ ಹೋದವು. ಗೇರ್ ಬಾಕ್ಸ್ ಪೂರ್ತಿ ಹೋಗಲಿಲ್ಲ, ಯಾಕೆಂದರೆ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಡಿಫರೆನ್ಷಿಯಲ್ ಕೂಡ ಆ ಡಬ್ಬಿಯೊಳಗೇ ಇರುತ್ತೆ, ಚಕ್ರ ತಿರುಗುವಷ್ಟು ಹೊತ್ತೂ ಅದು ತಿರುಗುತ್ತೆ. ಆದರೆ ಅಲ್ಲಿನ ಹಲ್ಲು, ಬೇರಿಂಗ್ ಸವೆದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೇಳಿಸುತ್ತೆ, ಹಲ್ಲಿನ ಮೇಲೆ ಬೀಳುವ ಒತ್ತಡ ಆ ಕಡೆಯಿಂದ ಈ ಕಡೆಗೆ ಬದಲಾಗುತ್ತಲ್ಲ, ಅದಕ್ಕೆ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದೆ. ಎರಡೂ ಒಂದೇ. ಟೈರಿನ ಸದ್ದಾದರೆ ರಸ್ತೆ ಬದಲಾದಾಗ ಬದಲಾಗಬೇಕು. ಒಂದು ಸೇತುವೆಯ ಕಾಂಕ್ರೀಟ್ ಮೇಲೆ ಹೋದಾಗ ಟೈರಿನ ಸದ್ದು ಬೇರೆಯಾಗಿ ಕೇಳಿಸಿತು, ಅದರ ಕೆಳಗೆ ಗೂಂ ಅದೇ ರಾಗದಲ್ಲಿತ್ತು. 48,000ದ ರೋಗ ಇದಲ್ಲ ಅಂತ ಅಲ್ಲೇ ಮುಕ್ಕಾಲು ಪಾಲು ಖಾತ್ರಿಯಾಯಿತು.

ಮೂಡಣದ ಬಾಗಿಲು ಅಂತ ಹೆಸರು ಬಂದ ಮುಳಬಾಗಿಲು ಊರಿನ ಬಗ್ಗೆ ಬರೆಯೋಕೆ ಬೇಕಾದಷ್ಟಿದೆ. ಡಿವಿಜಿ ಹುಟ್ಟಿದ್ದು ಇಲ್ಲೇ, 1887ರಲ್ಲಿ. ಶ್ರೀಪಾದರಾಜರ ಮಠ ಇರುವ ನರಸಿಂಹ ತೀರ್ಥ ಇಲ್ಲೇ ಪಕ್ಕದಲ್ಲಿದೆ. ಆ ದಿನ ಅವೆಲ್ಲ ಆಮೇಲೆ ಅಂತ ನೇರ ಕುರುಡುಮಲೆ ರಸ್ತೆ ಹಿಡಿದೆವು. ಒಳರಸ್ತೆ ಕಿರಿದು, ಆ ಕಡೆ ಈ ಕಡೆ ಮಾವಿನ ತೋಪು, ಹೂ ಬಿಡುವ ಕಾಲ, ಕಿಟಕಿ ತೆಗೆದರೆ ವಾಸನೆ ಒಳಗೆ ಬರುತ್ತೆ. ನಮಗೆ ಆ ರಸ್ತೆಯ ತಿರುವುಗಳು ಬೇಕಿದ್ದವು. ಕಾರು ಎಡಕ್ಕೆ ತಿರುಗಿದರೆ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತೆ, ಬಲಕ್ಕೆ ತಿರುಗಿದರೆ ಎಡಗಡೆ ಮೇಲೆ. ಸವೆದ ಬೇರಿಂಗ್ ಭಾರ ಬಿದ್ದಾಗ ಜಾಸ್ತಿ ಕೂಗುತ್ತೆ. 50ರ ಆಸುಪಾಸಿನಲ್ಲಿ ಎಡ ತಿರುವು ಬಂದಾಗ ಗೂಂ ದಪ್ಪವಾಯಿತು, ಬಲ ತಿರುವಿನಲ್ಲಿ ಹೆಚ್ಚುಕಮ್ಮಿ ಮಾಯ. ನಾಲ್ಕೈದು ತಿರುವಿನಲ್ಲೂ ಹೀಗೇ. ಬಲಗಡೆಯ ಚಕ್ರ ಅನ್ನೋದು ನಿಜವಾಯಿತು, ಇನ್ನು ಮುಂದಿನದೋ ಹಿಂದಿನದೋ?

ಅದನ್ನ ಹೇಳಿದ್ದು ಅಮ್ಮ. ಡ್ರೈವರ್ ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ತೊಡೆ ಮೇಲಿಟ್ಟುಕೊಂಡು ಕೂತಿದ್ದವರು, "ಅವಾಗಿಂದ ಏನೇನೋ ಮಾಡ್ತಿದ್ದೀರಲ್ಲ ಇಬ್ರೂ, ಗಿರಣಿ ಇರೋದು ನನ್ನ ಸೀಟಿನ ಕೆಳಗೆ. ಕಾಲೆಲ್ಲ ಜುಮ್ ಅಂತೈತೆ" ಅಂದರು. ಕಾರಿನ ತಗಡಿನ ಮೈಯಲ್ಲಿ ಸದ್ದು ಎಲ್ಲೆಂದರಲ್ಲಿ ಓಡಾಡುತ್ತೆ, ಮುಂದೆ ಕೂತವರ ಕಿವಿಗೆ ಎಲ್ಲವೂ ಮುಂದಿನಿಂದಲೇ ಬಂದ ಹಾಗೆ ಕೇಳಿಸೋದುಂಟು. ನಡುಕ ಮಾತ್ರ ಹುಟ್ಟಿದ ಜಾಗದ ಹತ್ತಿರವೇ ಹೆಚ್ಚು.

ದೇವಸ್ಥಾನದ ಮುಂದೆ ಬಯಲು ಜಾಗ ಇದೆ. ಪೂಜೆಗೆ ಮುಂಚೆ ಅಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿ, ನಡೆಯುವ ವೇಗದಲ್ಲಿ ಎಡಕ್ಕೊಂದು ಸುತ್ತು ಬಲಕ್ಕೊಂದು ಸುತ್ತು ಹಾಕಿದೆ. ಮುಂದಿನ ಚಕ್ರಕ್ಕೆ ಎಳೆತ ಕೊಡುವ ಆಕ್ಸಲ್‌ನ ಹೊರಗಿನ ಕೀಲು ಸವೆದಿದ್ದರೆ ಹೀಗೆ ಸುತ್ತುವಾಗ 'ಟಕ್ ಟಕ್ ಟಕ್' ಅಂತ ಬಡಿಯುತ್ತೆ. ಬಡಿಯಲಿಲ್ಲ. ಬಗ್ಗಿ ನೋಡಿದರೆ ಕೀಲಿನ ರಬ್ಬರ್ ಬೂಟುಗಳೂ ಹರಿದಿಲ್ಲ, ಗ್ರೀಸ್ ಚೆಲ್ಲಿಲ್ಲ. ಹೂವು ಮಾರುತ್ತಿದ್ದ ಅಜ್ಜಿ ಇದನ್ನೆಲ್ಲ ನೋಡಿ, ಗಾಡಿಯಲ್ಲಿ ಪ್ರದಕ್ಷಿಣೆ ಹಾಕ್ತಿದ್ದಾರೆ ಅಂದುಕೊಂಡರೋ ಏನೋ, ನಗುತ್ತಿದ್ದರು.

ಪೂಜೆ ಆಯಿತು. ಬಾನೆಟ್ ಮೇಲೆ ಕುಂಕುಮ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಒಂದು ತೆಂಗಿನಕಾಯಿ. ಇದು ವಾಪಸ್ ಹೋಗಬಹುದಾದ ಕಾರು ಅಂತ ಅರ್ಚಕರಿಗೆ ಹೇಳಲಿಲ್ಲ.

ಅಮ್ಮ ಪ್ರಸಾದ ಕಟ್ಟಿಸಿಕೊಳ್ಳುವಷ್ಟರಲ್ಲಿ ಅಪ್ಪ, ನಾನು ಸೋಮೇಶ್ವರ ದೇವಸ್ಥಾನಕ್ಕೆ ಹೋದೆವು. ಗಣಪನ ದರ್ಶನ ಮಾಡಿ ಹಾಗೇ ಹಿಂತಿರುಗುವವರು ಬಹಳ ಜನ, ಅದು ನಷ್ಟ. ಚೋಳರ ಕಾಲದ್ದು ಅನ್ನುವ ಈ ಗುಡಿ ಗಣಪನ ಗುಡಿಗಿಂತ ಹಳೆಯದು, ಕೆತ್ತನೆ ನೋಡುವವರಿಗೆ ಇದೇ ಮುಖ್ಯ. ಅರ್ಧ ಗುಡಿ ಜಕಣಾಚಾರಿಯದು, ಇನ್ನರ್ಧ ಅವನ ಮಗ ಡಂಕಣನದು, ಮಗನ ಕಡೆಯ ಕೆಲಸ ಹೆಚ್ಚು ನಯ ಅಂತ ಊರಿನ ಮಾತು. ಚೋಳರ ಗುಡಿಗೆ ಹೊಯ್ಸಳರ ಶಿಲ್ಪಿ ಹೇಗೆ ಬಂದ ಅಂತ ಕೇಳಿದರೆ ಐತಿಹ್ಯ ಅಲ್ಲಾಡುತ್ತೆ, ಆದರೆ ಅದನ್ನ ಕೇಳಿದ ಮೇಲೆ ಎರಡೂ ಕಡೆ ಹೋಲಿಸಿ ನೋಡದೆ ಇರೋಕಾಗಲ್ಲ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಎಲ್ಲರಿಗೂ ಗೊತ್ತು. ವಿಗ್ರಹದ ಕಲ್ಲಲ್ಲಿ ದೋಷ ಇದೆ ಅಂದ ಹುಡುಗ ಮೈತುಂಬ ಗಂಧ ಬಳಿಸಿದ, ಎಲ್ಲ ಒಣಗಿ ಹೊಕ್ಕುಳ ಹತ್ತಿರ ಮಾತ್ರ ಒದ್ದೆ ಉಳಿಯಿತು, ಅಲ್ಲಿ ಒಡೆದರೆ ನೀರು ಮತ್ತು ಕಪ್ಪೆ. ಕಥೆಯೇ ಇರಬಹುದು, ಪರೀಕ್ಷೆ ಮಾತ್ರ ಬಹಳ ಚೆನ್ನಾಗಿದೆ. ಕಲ್ಲನ್ನು ಒಡೆಯದೆ ದೋಷ ಎಲ್ಲಿದೆ ಅಂತ ಬೆರಳಿಟ್ಟು ತೋರಿಸುವಂಥದ್ದು. ಗೇರ್ ಬಾಕ್ಸ್ ಇಳಿಸಿ ನೋಡೋಣ ಅಂದವರಿಗೆ ಈ ಕಥೆ ಹೇಳಬೇಕಿತ್ತು.

ಮರದ ನೆರಳಿನಲ್ಲಿ, ಸಮತಟ್ಟಾದ ಗಟ್ಟಿ ನೆಲ ನೋಡಿ ಕಾರು ನಿಲ್ಲಿಸಿದೆವು. ಕುರುಡುಮಲೆಯಲ್ಲಿ ಕಲ್ಲಿಗೇನು ಬರ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮೊದಲನೇ ಗೇರಿನಲ್ಲಿ ಬಿಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ, ಬಲಗಡೆಯ ಹಿಂದಿನ ಚಕ್ರವನ್ನ ಜಾಕ್ ಮೇಲೆ ಎತ್ತಿದೆ. ಜಾಕ್ ಒಂದನ್ನೇ ನಂಬಿ ಯಾರೂ ಗಾಡಿ ಕೆಳಗೆ ನುಗ್ಗಬಾರದು, ನಮಗೆ ಅದು ಬೇಕಾಗಿಯೂ ಇರಲಿಲ್ಲ. ಒಂದು ಕೈಯಿಂದ ಚಕ್ರ ತಿರುಗಿಸಿ, ಇನ್ನೊಂದು ಕೈಯನ್ನ ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇಟ್ಟರೆ ಸಾಕು. ಕಿವಿಗೆ ಕೇಳದ ಒರಟುತನ ಬೆರಳಿಗೆ ಸಿಗುತ್ತೆ. ಸ್ಪ್ರಿಂಗ್ ಜಿರಿಜಿರಿ ಅಂತಿತ್ತು. ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಆಟವೂ ಇತ್ತು. ಎಡಗಡೆಯದನ್ನ ಎತ್ತಿ ನೋಡಿದೆ, ಬೆಣ್ಣೆ. ಹೋಲಿಸದೆ ಒಂದನ್ನೇ ಮುಟ್ಟಿದ್ದರೆ ಇಷ್ಟು ಖಂಡಿತವಾಗಿ ಹೇಳೋಕಾಗುತ್ತಿರಲಿಲ್ಲ.

ಅಪ್ಪ ಕುಕ್ಕರುಗಾಲಲ್ಲಿ ಕೂತು ತಾವೂ ತಿರುಗಿಸಿದರು. ಬಹಳ ಹೊತ್ತು ತಿರುಗಿಸಿದರು. "ಗ್ರೀಸ್ ಖಾಲಿ. ಬೇರಿಂಗ್ ಅಳ್ತಾ ಐತೆ. ಇದನ್ನ ಹಿಂಗೇ ಓಡಿಸಿದ್ರೆ ಒಂದಿನ ಹಿಡ್ಕೊಂಡು ಬಿಡ್ತದೆ." ರಾತ್ರಿ ಎರಡು ಗಂಟೆಗೆ, ಅಂತ ಅವರು ಹೇಳಲಿಲ್ಲ.

ಮುಳಬಾಗಿಲಿಗೆ ನಿಧಾನಕ್ಕೆ ವಾಪಸ್ ಬಂದು, ಹೆದ್ದಾರಿ ಪಕ್ಕದ ಒಂದು ಸಣ್ಣ ಗ್ಯಾರೇಜಿನಲ್ಲಿ ನಿಲ್ಲಿಸಿದೆವು. ಎಲ್ಲರೂ ಭಾಯ್ ಅಂತ ಕರೆಯುವ ಹಿರಿಯರು. ಹುಡುಗನಿಗೆ ಉರ್ದು, ಅಪ್ಪನಿಗೆ ತೆಲುಗು, ನನಗೆ ಕನ್ನಡ, ಒಂದೇ ಉಸಿರಿನಲ್ಲಿ ಮೂರು. ಈ ಗಡಿ ಸೀಮೆಯಲ್ಲಿ ಇದು ಯಾರಿಗೂ ವಿಶೇಷ ಅನ್ನಿಸಲ್ಲ. ನಾನು ಮಾಡಿದ ಪರೀಕ್ಷೆಗಳನ್ನ ಹೇಳಿದೆ, ಪೂರ್ತಿ ಕೇಳಿದರು, ಆಮೇಲೆ ಎಲ್ಲವನ್ನೂ ಇನ್ನೊಂದು ಸಲ ತಾವೇ ಮಾಡಿದರು. ಅದು ನನಗೆ ಹಿಡಿಸಿತು. ಚಕ್ರ ತಿರುಗಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನ ಹಬ್ ಹತ್ತಿರ ಒತ್ತಿ ಹಿಡಿ ಕಿವಿಗೆ ಇಟ್ಟುಕೊಂಡರು, ಡಾಕ್ಟರ ಸ್ಟೆತಸ್ಕೋಪ್ ಥರ. "ಇದೇ ಸಾರ್. ಬೇರೆ ಏನೂ ಇಲ್ಲ. ಗೇರ್ ಬಾಕ್ಸ್‌ಗೆ ಕೈ ಹಾಕಿಸಬೇಡಿ."

ಬೇರಿಂಗ್ ಅವರ ಹತ್ತಿರ ಇರಲಿಲ್ಲ. ಕೋಲಾರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಹೋಯಿತು, ಬಸ್ಸಿನಲ್ಲಿ ಕಳಿಸ್ತಾರೆ, ಒಂದೂವರೆ ಗಂಟೆ ಅಂದರು. ಆ ಒಂದೂವರೆ ಗಂಟೆಯಲ್ಲಿ ಮುಳಬಾಗಿಲು ದೋಸೆ ತಿಂದು, ಅರ್ಜುನ ಪ್ರತಿಷ್ಠಾಪಿಸಿದ ಅನ್ನುವ ಆಂಜನೇಯನ ಗುಡಿಗೆ ಹೋಗಿ ಬಂದೆವು. ದೋಸೆಯ ಬಗ್ಗೆ ಬೆಂಗಳೂರಿನಲ್ಲಿ ಬೋರ್ಡ್ ಹಾಕಿಕೊಂಡವರು ಬಹಳ ಜನ ಇದ್ದಾರೆ. ಇಲ್ಲಿಗೆ ಬಂದು ತಿನ್ನಿ, ಅಷ್ಟೇ ಹೇಳ್ತೀನಿ.

ನನಗಿದ್ದ ಇನ್ನೊಂದು ಭಯ ನೀರಿನದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಎಷ್ಟು ಕಾರುಗಳು ಮುಳುಗಿ ನಿಂತಿದ್ದವು ಅಂತ ಎಲ್ಲರೂ ನೋಡಿದ್ದೇವೆ. ಅಂಥ ಕಾರು ತೊಳೆದು ಒರೆಸಿ ಮಾರಾಟಕ್ಕೆ ಬಂದರೆ ನೋಡಿದ ತಕ್ಷಣ ಗೊತ್ತಾಗಲ್ಲ. ಬೇರಿಂಗಿನೊಳಗೆ ನೀರು ಹೋದರೆ ಗ್ರೀಸ್ ಹಾಳಾಗಿ ಹೀಗೇ ಕೂಗುತ್ತೆ. ಒಂದು ಬೇರಿಂಗ್ ಆದರೆ ಸಣ್ಣ ರಿಪೇರಿ, ಆದರೆ ಇದು ಮುಳುಗಿದ ಕಾರಿನ ಮೊದಲ ಸೂಚನೆಯಾಗಿದ್ದರೆ ಸೋಮವಾರ ವಾಪಸ್ ಕೊಡಲೇಬೇಕು. ಅದಕ್ಕೆ ಕಾಯುವ ಹೊತ್ತಿನಲ್ಲಿ ಸೀಟ್ ಬೆಲ್ಟುಗಳನ್ನ ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯಾ ನೋಡಿದೆ, ಸೀಟಿನ ಕೆಳಗಿನ ಕಂಬಿಯಲ್ಲಿ ತುಕ್ಕು, ಕಾರ್ಪೆಟ್ ಎತ್ತಿ ಮೂಲೆಯಲ್ಲಿ ಮಣ್ಣು, ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಂತ ಕಲೆ. ಎಲ್ಲೂ ಇಲ್ಲ.

ಉತ್ತರ ಸಿಕ್ಕಿದ್ದು ಚಕ್ರ ಬಿಚ್ಚಿದ ಮೇಲೆ. ಭಾಯ್ ರಿಮ್ಮನ್ನ ಮಗುಚಿ ಒಳಗಿನ ಅಂಚು ತೋರಿಸಿದರು. ಹೆಬ್ಬೆರಳಿನಗಲ ಒಳಕ್ಕೆ ಮಡಚಿದೆ. "ಗುಂಡಿ ಸಾರ್. ಫುಲ್ ಸ್ಪೀಡಲ್ಲಿ ಹಾಕಿದಾರೆ." ಹೊರಗಿನಿಂದ ನೋಡಿದರೆ ಕಾಣದ ಜಾಗ. ಅಷ್ಟು ಜೋರಾಗಿ ಬಿದ್ದ ಪೆಟ್ಟು ಬೇರಿಂಗಿನ ಒಳಗೆ ಗುಂಡುಗಳು ಓಡುವ ದಾರಿಯಲ್ಲಿ ಸಣ್ಣ ಸಣ್ಣ ತಗ್ಗು ಮಾಡುತ್ತೆ. ಅಲ್ಲಿಂದ ಪುಡಿ ಏಳುತ್ತೆ, ಪುಡಿ ಇನ್ನಷ್ಟು ಉಜ್ಜುತ್ತೆ, ಸೀಲ್ ಸಡಿಲವಾಗಿ ಧೂಳು, ತೇವ ಸೇರುತ್ತೆ. ಗುಂಡುಗಳು ಆ ತಗ್ಗುಗಳ ಮೇಲೆ ಸೆಕೆಂಡಿಗೆ ಎಷ್ಟೋ ಸಲ ಬಡಿದು ಹೋಗೋದೇ ನಮಗೆ ಗೂಂ ಅಂತ ಕೇಳಿಸೋದು, ಅದಕ್ಕೇ ವೇಗ ಏರಿದಷ್ಟೂ ರಾಗ ಏರುತ್ತೆ. ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗೆ ಕೆಸರಿನ ಕುರುಹೂ ಇರಲಿಲ್ಲ. ಎಡಗಡೆಯದನ್ನೂ ಬದಲಾಯಿಸಬೇಕಾ ಅಂತ ಕೇಳಿದ್ದಕ್ಕೆ, "ಚೆನ್ನಾಗಿರೋದನ್ನ ಯಾಕೆ ಕೀಳ್ತೀರ?" ಅಂದರು.

ಬೇರಿಂಗ್ 1,850, ಕೂಲಿ 700. ನಟ್ ಬಿಗಿಯುವಾಗ ಅಂದಾಜಿನಲ್ಲಿ ಒದೆಯದೆ, ಅಳತೆಯ ಸ್ಪ್ಯಾನರ್ ತರಿಸಿ ಬಿಗಿದರು. ಈ ನಟ್ ವಿಷಯದಲ್ಲಿ ಅದನ್ನ ಕೇಳಿ ಮಾಡಿಸಿಕೊಳ್ಳಿ. ಜಾಸ್ತಿ ಬಿಗಿದರೂ ಕಡಿಮೆ ಬಿಗಿದರೂ ಹೊಸ ಬೇರಿಂಗ್ ಬೇಗ ಹೋಗುತ್ತೆ. ರಿಮ್ಮನ್ನ ಕೋಲಾರದಲ್ಲಿ ಸರಿಮಾಡಿಸಿ, ಬ್ಯಾಲೆನ್ಸಿಂಗ್ ಮಾಡಿಸಿ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಅಲ್ಲಿಯವರೆಗೆ ಸ್ಟೆಪ್ನಿ ಹಾಕಿದರು.

ಹೊರಡುವ ಮುಂಚೆ ಅಪ್ಪ ಹಳೇ ಬೇರಿಂಗ್ ಕೇಳಿ ಇಸಕೊಂಡರು. ಹೆದ್ದಾರಿಯಲ್ಲಿ 60, 70, 80. ಟೈರಿನ ಸಪ್ಪಳ, ಗಾಳಿ, ಡಿಕ್ಕಿಯಲ್ಲಿ ಉರುಳಾಡುತ್ತಿದ್ದ ತೆಂಗಿನಕಾಯಿ ಹೋಳು, ಅಷ್ಟೇ. ಅಮ್ಮ ನಿದ್ದೆ ಹೋಗಿದ್ದರು. ತಮ್ಮನಿಗೆ ಫೋನ್ ಮಾಡಿ, ಸೋಮವಾರ ವಾಪಸ್ ಕೊಡಲ್ಲ, ಆರ್‌ಸಿ ಬದಲಾವಣೆಗೆ ಫಾರಂ 29, 30 ತಯಾರು ಮಾಡಿಸು ಅಂದೆ.

ಅಪ್ಪ ಆ ಬೇರಿಂಗನ್ನ ಎಡಗೈಯಲ್ಲಿ ಹಿಡಿದು ಬಲಗೈ ಬೆರಳಿನಿಂದ ತಿರುಗಿಸುತ್ತಾ, ಕಿವಿ ಹತ್ತಿರ ಇಟ್ಟುಕೊಂಡು ಗರಗರ ಅನ್ನೋದನ್ನ ಕೋಲಾರದವರೆಗೂ ಕೇಳುತ್ತಾ ಬಂದರು.